ಹಿಮ ಕರಗಿದರೆ ಬಿಸಿಲು ಜಾಸ್ತಿ, ಬಿಸಿಲಿದ್ದರೆ ಪಾಚಿ ಜಾಸ್ತಿ: ಮತ್ತೆ ಪ್ರಾಣಿಗಳು ಉಪವಾಸ ಯಾಕೆ?

ಬೋರ್ಡುಬಳಪ
ಎಂಟನೇ ಕ್ಲಾಸಿಗೆ ಆಹಾರ ಜಾಲದ ಪಾಠ ನಡೀತಿದೆ. ನಿನ್ನೆ ಧ್ರುವ ಪ್ರದೇಶದ ಉದಾಹರಣೆ ತಗೊಂಡೆ. ಬೋರ್ಡಿನ ಮೇಲೆ ಪಾಚಿ, ಅದನ್ನು ತಿನ್ನೋ ಸೀಗಡಿಯಂಥ ಪುಟ್ಟ ಕ್ರಿಲ್, ಆಮೇಲೆ ಮೀನು, ಸೀಲ್, ತುದಿಯಲ್ಲಿ ಹಿಮಕರಡಿ. ಸಮುದ್ರದ ಮೇಲಿನ ಹಿಮ ಕರಗಿದರೆ ಈ ಸರಪಳಿಯೇ ಕಳಚಿಕೊಳ್ಳುತ್ತೆ ಅಂತ ಹೇಳಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು: "ಸರ್, ಹಿಮ ಅಂದ್ರೆ ಸಮುದ್ರಕ್ಕೆ ಮುಚ್ಚಳ ಇದ್ದ ಹಾಗೆ. ಮುಚ್ಚಳ ತೆಗೆದರೆ ಒಳಗೆ ಬಿಸಿಲು ಹೋಗುತ್ತೆ. ಬಿಸಿಲು ಹೋದರೆ ಪಾಚಿ ಬೆಳೆಯುತ್ತೆ. ಪಾಚಿ ಬೆಳೆದರೆ ಎಲ್ಲರಿಗೂ ಊಟ. ಮತ್ತೆ ಯಾಕೆ ಸಾಯ್ತಾವೆ?"

ಉತ್ತರ ಹೊಳೀಲಿಲ್ಲ. ನಾಳೆ ಹೇಳ್ತೀನಿ ಅಂದೆ. ರಾತ್ರಿ ಕೂತು ಓದಿದರೆ ಗೊಂದಲ ಇನ್ನೂ ಹೆಚ್ಚಾಯ್ತು. ಉಪಗ್ರಹದ ಲೆಕ್ಕದ ಪ್ರಕಾರ ಆರ್ಕ್ಟಿಕ್ ಸಾಗರದಲ್ಲಿ ಸಸ್ಯಪ್ಲವಕಗಳ, ಅಂದರೆ ನೀರಿನಲ್ಲಿ ತೇಲೋ ಸೂಕ್ಷ್ಮ ಪಾಚಿಗಳ, ಉತ್ಪಾದನೆ 1998ರಿಂದ 2018ರ ಒಳಗೆ ಶೇ. 57ರಷ್ಟು ಏರಿದೆ. ಹಾಗಾದರೆ ಹುಡುಗಿ ಹೇಳಿದ್ದೇ ಸರಿ ಆಯ್ತಲ್ಲ? ತಿಳಿದವರು ಬಿಡಿಸಿ ಹೇಳಿ. ಏನೋ ಒಂದು ಹೇಳಿ ಅವಳನ್ನ ಕೂರಿಸೋಕೆ ಮನಸ್ಸು ಒಪ್ತಿಲ್ಲ.

ಒಂದೇಸಾಲು
ಆ ಹುಡುಗಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ ಸರ್.

ಪ್ಲವಕಪ್ರಿಯೆ
ಮೊದಲು ಬೋರ್ಡಿನ ಚಿತ್ರ ಸರಿ ಮಾಡೋಣ ಮೇಷ್ಟ್ರೇ. ನೀವು ಉತ್ತರ ದಕ್ಷಿಣ ಎರಡನ್ನೂ ಸೇರಿಸಿ ಒಂದೇ ಸರಪಳಿ ಮಾಡಿದ್ದೀರಿ. ಕ್ರಿಲ್ ಅಂತ ಎಲ್ಲರೂ ಹೇಳೋದು ದಕ್ಷಿಣದ್ದು, ಅಂಟಾರ್ಕ್ಟಿಕಾದ್ದು. ಹಿಮಕರಡಿ ಉತ್ತರದ್ದು. ಆರ್ಕ್ಟಿಕ್‌ನಲ್ಲೂ ಕ್ರಿಲ್ ಜಾತಿಗಳಿವೆ, ಆದರೆ ಅಲ್ಲಿ ಮುಖ್ಯ ಕೊಂಡಿ ಕೋಪೆಪಾಡ್: ಅಕ್ಕಿಕಾಳಿಗಿಂತಲೂ ಸಣ್ಣ ಜೀವಿ. ಅದನ್ನು ತಿನ್ನೋದು ಪೋಲಾರ್ ಕಾಡ್ ಅನ್ನೋ ಮೀನು, ಅದನ್ನು ತಿನ್ನೋದು ರಿಂಗ್ಡ್ ಸೀಲ್, ಅದನ್ನು ತಿನ್ನೋದು ಕರಡಿ.

ಈಗ ಹುಡುಗಿಯ ಪ್ರಶ್ನೆ. ಅವಳ ತರ್ಕದಲ್ಲಿ ತಪ್ಪಿಲ್ಲ. ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ, ಅಷ್ಟೆ. ಆ ಮುಚ್ಚಳದ ಒಳಮೈಯಲ್ಲೇ ಪಾಚಿ ಬೆಳೆಯುತ್ತೆ. ಹಿಮದ ತಳಭಾಗದಲ್ಲಿ, ತಲೆಕೆಳಗಾಗಿ. ಮುಚ್ಚಳ ತೆಗೆದರೆ ಆ ಬೆಳೆಯೂ ಅದರ ಜೊತೆಗೇ ಹೋಯ್ತು.

ಬೋರ್ಡುಬಳಪ
ಹಿಮದ ಒಳಗೆ ಪಾಚಿಯಾ? ಅದು ಗಟ್ಟಿ ಕಲ್ಲಿನ ಹಾಗೆ ಇರೋದಲ್ವಾ ಮೇಡಂ?

ಉಪ್ಪುನೀರು
ಇದಕ್ಕೆ ನಾನು ಉತ್ತರಿಸ್ತೀನಿ. ಸಂಶೋಧನಾ ಹಡಗಿನ ಲ್ಯಾಬಿನಲ್ಲಿ ಎರಡು ಸಲ ಕೆಲಸ ಮಾಡಿದ್ದೀನಿ, ಹಿಮದ ಕೋರ್, ಅಂದರೆ ಮೇಲಿಂದ ತಳದವರೆಗೆ ಕೊರೆದ ಹಿಮದ ಕಂಬ, ತೆಗೆಯೋ ತಂಡದಲ್ಲಿದ್ದೆ.

ಉಪ್ಪುನೀರು ಹೆಪ್ಪುಗಟ್ಟುವಾಗ ಉಪ್ಪು ಹರಳಿನೊಳಗೆ ಸೇರಲ್ಲ, ಪಕ್ಕಕ್ಕೆ ಸರಿಯುತ್ತೆ. ಹಾಗೆ ಸರಿದ ಗಟ್ಟಿ ಉಪ್ಪುನೀರು ಹಿಮದೊಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆಗಳನ್ನು ಕೊರೆದುಕೊಂಡು ಕೆಳಗಿಳಿಯುತ್ತೆ. ತಳದಲ್ಲಿ ಹಿಮದ ಉಷ್ಣತೆ ಕಡಲಿನದ್ದೇ, ಮೈನಸ್ 1.8 ಡಿಗ್ರಿ ಸುತ್ತಮುತ್ತ. ಆ ಕಾಲುವೆಗಳಲ್ಲಿ ಡಯಾಟಮ್ ಅನ್ನೋ ಒಂಟಿಕೋಶದ ಪಾಚಿಗಳು ಸೇರಿಕೊಂಡು ಬೆಳೀತವೆ.

ಕೈಕೊರೆತ ಹಾಕಿ ಕೋರ್ ಮೇಲೆ ಎಳೆದಾಗ ಕಾಣೋದು ಹೀಗೆ: ಮೇಲಿನ ಒಂದು ಮೀಟರಿನಷ್ಟು ಹಾಲುಬಿಳುಪು, ಕೆಲವು ಕಡೆ ಗಾಜಿನಂತೆ ಪಾರದರ್ಶಕ. ಕೊನೆಯ ನಾಲ್ಕೈದು ಸೆಂಟಿಮೀಟರ್ ಮಾತ್ರ ಕಂದು, ಕಾಫಿ ಡಿಕಾಕ್ಷನ್ನಿನ ಬಣ್ಣ. ಮುಟ್ಟಿದರೆ ಆ ಭಾಗ ಮೆತ್ತಗೆ, ಪುಡಿಪುಡಿ. ಬೆರಳಿಗೆ ಬಣ್ಣ ಅಂಟುತ್ತೆ. ಅದನ್ನು ಸೋಸಿದ ಕಡಲನೀರಿನಲ್ಲಿ ನಿಧಾನ ಕರಗಿಸ್ತೀವಿ. ಬರೀ ಸಿಹಿನೀರಾಗಿ ಕರಗಿದರೆ ಜೀವಕೋಶಗಳು ಒಡೆದುಹೋಗ್ತವೆ. ಆಮೇಲೆ ಸೋಸುಕಾಗದದ ಮೇಲೆ ಸುರಿದರೆ ದುಂಡಗೆ ಒಂದು ಕಂದು ಬಿಲ್ಲೆ ಉಳಿಯುತ್ತೆ. ಮೊದಲ ಸಲ ಆ ಬಿಲ್ಲೆ ನೋಡಿದಾಗ ನಾನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಸುತ್ತ ಎಲ್ಲಿ ನೋಡಿದರೂ ಬಿಳಿ, ಜೀವದ ಸುಳಿವೇ ಇಲ್ಲ. ಆದರೆ ಕಾಲಡಿಯಲ್ಲಿ ಇಡೀ ಹುಲ್ಲುಗಾವಲು ತಲೆಕೆಳಗಾಗಿ ತೂಗುತ್ತಿತ್ತು.

ಅಂಕಿಅಂಶ
ಚಿತ್ರ ಚೆನ್ನಾಗಿದೆ. ಆದರೂ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಹಿಮದ ಪಾಚಿ ಎಷ್ಟು, ನೀರಿನ ಪಾಚಿ ಎಷ್ಟು? ನೀರಿನದ್ದೇ ಜಾಸ್ತಿ. ಚಿಕ್ಕ ಪಾಲು ಹೋಗಿ ದೊಡ್ಡ ಪಾಲು ಶೇ. 57 ಏರಿದರೆ ಒಟ್ಟಾರೆ ಲಾಭವೇ ತಾನೆ?

ಪ್ಲವಕಪ್ರಿಯೆ
@ಅಂಕಿಅಂಶ, ಒಟ್ಟು ಲೆಕ್ಕ ಹಾಕುವವರು ಇಲ್ಲೇ ಎಡವೋದು. ಪ್ರಾಣಿಗೆ ವರ್ಷದ ಒಟ್ಟು ಮೊತ್ತ ಬೇಕಿಲ್ಲ. ಬೇಕಾದ ವಾರದಲ್ಲಿ ಬೇಕಾದ ಊಟ ಬೇಕು.

ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಉತ್ತರ ತುದಿಯಲ್ಲಿ ರೈಪ್‌ಫ್ಯೋರ್ಡ್ ಅನ್ನೋ ಕಡಲಚಾಚು ಇದೆ. 2007ರಲ್ಲಿ ಅಲ್ಲಿ ನೋಡಿದ್ದು: ಹಿಮದ ಪಾಚಿ ಉಕ್ಕಿದ್ದು ಏಪ್ರಿಲ್ ಕೊನೆಯಲ್ಲಿ. ನೀರಿನ ಪಾಚಿ ಉಕ್ಕಿದ್ದು ಅದಾಗಿ ಸುಮಾರು ಎರಡು ತಿಂಗಳಿಗೆ. ಕಲಾನಸ್ ಗ್ಲೇಸಿಯಾಲಿಸ್ ಅನ್ನೋ ಕೋಪೆಪಾಡ್‌ನ ಬದುಕು ಈ ಎರಡು ಊಟಕ್ಕೆ ಹೊಂದಿಕೊಂಡಿದೆ. ತಾಯಿ ಮೊದಲ ಊಟ, ಅಂದರೆ ಹಿಮದ ಪಾಚಿ, ತಿಂದು ಮೊಟ್ಟೆ ಇಡುತ್ತೆ. ಮರಿ ದೊಡ್ಡದಾಗಿ ಬಾಯಿ ತೆರೆಯೋ ಹೊತ್ತಿಗೆ ಎರಡನೇ ಊಟ, ನೀರಿನ ಪಾಚಿ, ಸಿದ್ಧವಾಗಿರುತ್ತೆ. ಹಿಮ ಬೇಗ ಒಡೆದರೆ ಎರಡು ಊಟದ ನಡುವಿನ ಅಂತರ ಕುಗ್ಗುತ್ತೆ. ಮರಿ ಇನ್ನೂ ಪುಟ್ಟದಿರುವಾಗಲೇ ಹಬ್ಬ ಮುಗಿದಿರುತ್ತೆ. ಪಂಕ್ತಿ ಎದ್ದ ಮೇಲೆ ಬಂದು ಕೂತ ಹಾಗೆ. ಎಷ್ಟು ಬಡಿಸಿದ್ದರು ಅನ್ನೋದರಿಂದ ಅದಕ್ಕೇನು ಪ್ರಯೋಜನ?

ಕೊಬ್ಬೇಮುಖ್ಯ
ಸಮಯದ ಮಾತು ಒಪ್ಪಿದೆ, ಆದರೆ ಅದಕ್ಕಿಂತ ದೊಡ್ಡದು ಕೊಬ್ಬು. ಧ್ರುವದ ಕಡಲಲ್ಲಿ ಎಲ್ಲ ವ್ಯವಹಾರ ನಡೆಯೋದು ಕೊಬ್ಬಿನಲ್ಲಿ. ವರ್ಷದಲ್ಲಿ ನಾಲ್ಕೈದು ತಿಂಗಳು ಊಟವೇ ಇರಲ್ಲ, ಮೈಯಲ್ಲಿ ಕೂಡಿಟ್ಟಿದ್ದೇ ಗತಿ.

ಉತ್ತರದ ಕಲಾನಸ್ ಗ್ಲೇಸಿಯಾಲಿಸ್ ಕೋಪೆಪಾಡ್‌ನ ಮೈ ತುಂಬ ಮೇಣದಂಥ ಎಣ್ಣೆಯ ಚೀಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೈಯ ಉದ್ದಕ್ಕೂ ಹೊಳೆಯೋ ಒಂದು ಉದ್ದನೆ ಗುಳ್ಳೆ, ಅದೇ ಆ ಚೀಲ. ಈಗ ಅಟ್ಲಾಂಟಿಕ್‌ನ ಬೆಚ್ಚನೆ ನೀರು ಮೇಲೆ ನುಗ್ಗುತ್ತಿರೋದರಿಂದ ಅದರ ದಾಯಾದಿ ಕಲಾನಸ್ ಫಿನ್ಮಾರ್ಕಿಕಸ್ ಬರ್ತಿದೆ. ನೋಡೋಕೆ ಒಂದೇ ಥರ, ಆದರೆ ಸಣ್ಣದು. ಒಂದೊಂದರಲ್ಲಿರೋ ಕೊಬ್ಬು ಗ್ಲೇಸಿಯಾಲಿಸ್‌ಗೆ ಹೋಲಿಸಿದರೆ ಸುಮಾರು ಹತ್ತನೇ ಒಂದು ಪಾಲು.

ಲಿಟಲ್ ಆಕ್ ಅಂತ ಒಂದು ಪುಟ್ಟ ಕಡಲಹಕ್ಕಿ. ಮರಿ ಸಾಕೋ ಕಾಲದಲ್ಲಿ ಅದಕ್ಕೆ ದಿನಕ್ಕೆ ಸುಮಾರು 60 ಸಾವಿರ ಕೋಪೆಪಾಡ್ ಬೇಕು. ಕೊಬ್ಬಿಲ್ಲದ ಜಾತಿ ಬಂದರೆ ಎಷ್ಟು ಮುಳುಗು ಹಾಕಬೇಕು ಲೆಕ್ಕ ಹಾಕಿ. ಉಪಗ್ರಹಕ್ಕೆ ಹಸಿರು ಕಾಣುತ್ತೆ, ಕೊಬ್ಬು ಕಾಣಲ್ಲ.

ಬೋರ್ಡುಬಳಪ
"ಉಪಗ್ರಹಕ್ಕೆ ಕೊಬ್ಬು ಕಾಣಲ್ಲ": ಇದನ್ನ ನಾಳೆ ಕ್ಲಾಸಲ್ಲಿ ಹೇಳ್ತೀನಿ ಸರ್.

ಕೇಳಿಯೇಬಿಡ್ತೀನಿ
ಹಿಮ ಕರಗಿ ಸಮುದ್ರಮಟ್ಟ ಏರುತ್ತಲ್ಲ, ಆ ವಿಷಯ ಯಾರೂ ಮಾತಾಡ್ತಿಲ್ಲ?

ಅಂಕಿಅಂಶ
@ಕೇಳಿಯೇಬಿಡ್ತೀನಿ, ಅದು ನೆಲದ ಮೇಲಿನ ಹಿಮ. ತೇಲೋ ಕಡಲ ಹಿಮ ಆಗಲೇ ನೀರನ್ನು ಸರಿಸಿಕೊಂಡು ಕೂತಿರುತ್ತೆ, ಕರಗಿದರೂ ಮಟ್ಟ ಹೆಚ್ಚುಕಡಿಮೆ ಅಷ್ಟೇ. ಇಲ್ಲಿ ಮಾತು ತೇಲೋ ಹಿಮದ್ದು.

ಪ್ಲವಕಪ್ರಿಯೆ ಅವರೇ, ಸಮಯದ ಮಾತು ಒಪ್ಪಿದೆ. ಆದರೆ ಇನ್ನೊಂದು ಕಡೆ ನೋಡಿ. ಹಿಮದ ಅಡಿಯಲ್ಲಿ ಕತ್ತಲೆ, ಅಲ್ಲಿ ನೀರಿನ ಪಾಚಿ ಬೆಳೆಯಲ್ಲ ಅಂತಿದ್ದರು. 2011ರ ಜುಲೈಯಲ್ಲಿ ಅಲಾಸ್ಕ ಮತ್ತು ರಷ್ಯಾದ ಉತ್ತರಕ್ಕಿರೋ ಚುಕ್ಚಿ ಸಮುದ್ರದಲ್ಲಿ ಹಿಮದಡಿಯಲ್ಲಿ 100 ಕಿ.ಮೀ.ಗೂ ಹೆಚ್ಚು ಒಳಗಿನವರೆಗೆ ದಟ್ಟ ಪಾಚಿ ಸಿಕ್ಕಿತು. ಹಿಮ ತೆಳುವಾಗಿ, ಮೇಲೆ ಕರಗಿದ ನೀರಿನ ಹೊಂಡಗಳಾದಾಗ ಅವು ಕಿಟಕಿಯ ಹಾಗೆ ಬೆಳಕು ಬಿಡ್ತವೆ. ಅಂದರೆ ಪ್ರಕೃತಿ ಹೊಂದಿಕೊಳ್ತಿದೆ ಅಂತಲೂ ಓದಬಹುದಲ್ವಾ?

ಪ್ಲವಕಪ್ರಿಯೆ
ಓದಬಹುದು. ಪಾಚಿ ಹೊಂದಿಕೊಳ್ಳುತ್ತೆ, ಅದರ ತಲೆಮಾರು ಕೆಲವೇ ದಿನದ್ದು. ಕರಡಿಯ ತಲೆಮಾರು ಹತ್ತು ವರ್ಷ ದಾಟುತ್ತೆ. ಎಲ್ಲರೂ ಒಂದೇ ವೇಗದಲ್ಲಿ ಓಡೋಕಾಗಲ್ಲ.

ಇನ್ನೊಂದು ವಿಷಯ. ಹಿಮ ಕರಗಿದ ಸಿಹಿನೀರು ಹಗುರ, ಮೇಲೇ ತೇಲುತ್ತೆ. ಕೆಳಗಿನ ಗೊಬ್ಬರದಂಶ, ಅಂದರೆ ನೈಟ್ರೇಟ್, ಮೇಲೆ ಬರೋಕೆ ಅದು ಅಡ್ಡ. ಆರ್ಕ್ಟಿಕ್ ಸಾಗರದ ಕೆನಡಾ ಕೊಳ್ಳದಲ್ಲಿ 2004ರಿಂದ 2008ರವರೆಗೆ ಅಳೆದಾಗ ದೊಡ್ಡ ಪಾಚಿ ಕಮ್ಮಿಯಾಗಿ ಅತಿ ಸಣ್ಣ ಪಾಚಿ ಹೆಚ್ಚಾಗಿದ್ದವು. ಅಷ್ಟು ಸಣ್ಣದನ್ನು ಕೋಪೆಪಾಡ್ ಹಿಡಿಯೋದು ಕಷ್ಟ. ನಡುವೆ ಇನ್ನೊಂದು ಸೂಕ್ಷ್ಮಜೀವಿ ತಿಂದು, ಅದನ್ನು ಇದು ತಿನ್ನಬೇಕು. ಕೊಂಡಿ ಒಂದು ಹೆಚ್ಚಾದರೆ ಶಕ್ತಿಯ ಬಹುಪಾಲು ಅಲ್ಲೇ ಸೋರಿ ಹೋಗುತ್ತೆ. ಇದು ನಿಮ್ಮ ಎಂಟನೇ ಕ್ಲಾಸಿನ ಪಾಠದಲ್ಲೇ ಇದೆ ಮೇಷ್ಟ್ರೇ, ಶೇ. 10ರ ನಿಯಮ: ಒಂದು ಕೊಂಡಿಯಿಂದ ಮುಂದಿನದಕ್ಕೆ ದಾಟೋದು ಸುಮಾರು ಹತ್ತನೇ ಒಂದು ಪಾಲು ಶಕ್ತಿ.

ಕಡಲತಳ
ಎಲ್ಲರೂ ಮೇಲಕ್ಕೇ ಬಾಣ ಹಾಕ್ತಿದ್ದೀರಿ, ಕೆಳಕ್ಕೂ ಒಂದು ಹಾಕಿ. 2012ರಲ್ಲಿ ಆರ್ಕ್ಟಿಕ್ ಹಿಮ ದಾಖಲೆ ಮಟ್ಟಕ್ಕೆ ಕುಸಿದಾಗ (ಸೆಪ್ಟೆಂಬರ್‌ನಲ್ಲಿ ಸುಮಾರು 34 ಲಕ್ಷ ಚದರ ಕಿ.ಮೀ. ಉಳಿದಿತ್ತು) ಜರ್ಮನಿಯ ಪೋಲಾರ್‌ಸ್ಟರ್ನ್ ಸಂಶೋಧನಾ ಹಡಗು ಮಧ್ಯ ಆರ್ಕ್ಟಿಕ್‌ನಲ್ಲಿತ್ತು. ನಾಲ್ಕು ಕಿಲೋಮೀಟರ್ ಆಳಕ್ಕೆ ಕ್ಯಾಮೆರಾ ಇಳಿಸಿದರೆ ತಳದ ಕೆಸರಿನ ಮೇಲೆ ಪಾಚಿಯ ಮುದ್ದೆಗಳು! ಮೆಲೋಸಿರಾ ಆರ್ಕ್ಟಿಕಾ ಅಂತ, ಹಿಮದ ಅಡಿಯಿಂದ ಜಡೆಯ ಹಾಗೆ ಉದ್ದಕ್ಕೆ ಜೋತುಬೀಳೋ ಜಾತಿ. ಹಿಮ ಕರಗಿದ ಕೂಡಲೇ ಕೈಬಿಟ್ಟು ನೇರ ತಳಕ್ಕೆ ಮುಳುಗಿತ್ತು. ಸಮುದ್ರ ಸೌತೆಗಳು ಅದನ್ನು ಮೇಯುತ್ತಿದ್ದವು.

ಅಂದರೆ ಆ ವರ್ಷ ತಳದವರಿಗೆ ಸುಗ್ಗಿ, ಮೇಲಿನವರಿಗೆ ಬರ. ಆಹಾರ ನಾಶವಾಗಿಲ್ಲ, ವಿಳಾಸ ಬದಲಾಗಿದೆ. ಬೇರಿಂಗ್ ಸಮುದ್ರದ ಉತ್ತರದಲ್ಲಿ ಇದೇ ಉಲ್ಟಾ. ಅಲ್ಲಿ ತಳ ಆಳವಿಲ್ಲ. ಹಿಂದೆಲ್ಲ ತಣ್ಣನೆ ನೀರಿನಲ್ಲಿ ತಿನ್ನುವವರು ಕಮ್ಮಿ ಇದ್ದು ಪಾಚಿ ಸೀದಾ ತಳಕ್ಕೆ ಬೀಳ್ತಿತ್ತು. ಚಿಪ್ಪುಜೀವಿಗಳು ಕೊಬ್ಬುತ್ತಿದ್ದವು, ಅವನ್ನು ವಾಲ್ರಸ್ ತಿಂತಿತ್ತು. ನೀರು ಬೆಚ್ಚಗಾದರೆ ನಡುನೀರಿನವರೇ ತಿಂದು ಮುಗಿಸ್ತಾರೆ, ತಳಕ್ಕೆ ಉಳಿಯೋದು ಕಮ್ಮಿ.

ಒಂದೇಸಾಲು
ಸಮುದ್ರ ಸೌತೆ ಅಂದ್ರೆ ತರಕಾರಿನಾ?

ಕಡಲತಳ
ಪ್ರಾಣಿ. ನಕ್ಷತ್ರಮೀನಿನ ಬಳಗ. ಮೈ ಸೌತೆಕಾಯಿಯ ಹಾಗಿರೋದರಿಂದ ಆ ಹೆಸರು.

ಮುಕ್ತಮಾತು
ನಾನು ಸ್ವಲ್ಪ ವಿರುದ್ಧ ಹೇಳ್ತೀನಿ, ಬೇಜಾರಾಗಬೇಡಿ. ಹಿಮಕರಡಿ ಮುಗಿದೇಹೋಯ್ತು ಅಂತ ನಾನು ಚಿಕ್ಕವನಿದ್ದಾಗಿಂದ ಕೇಳ್ತಿದ್ದೀನಿ. ಇನ್ನೂ ಇದೆ. ಅಂಟಾರ್ಕ್ಟಿಕಾದಲ್ಲಂತೂ ಹಿಮ ಹೆಚ್ಚಾಗ್ತಿತ್ತು ಅಂತ ಓದಿದ್ದೆ. ಭಯ ಹುಟ್ಟಿಸೋದಕ್ಕಿಂತ ಇದ್ದದ್ದು ಇದ್ದ ಹಾಗೆ ಹೇಳಿದರೆ ಮಕ್ಕಳು ನಂಬ್ತಾರೆ.

ಅಂಕಿಅಂಶ
@ಮುಕ್ತಮಾತು, ಅರ್ಧ ಸರಿ. ಅಂಟಾರ್ಕ್ಟಿಕ್ ಕಡಲ ಹಿಮ ನಿಧಾನವಾಗಿ ಏರ್ತಿತ್ತು, 2014ರ ಸೆಪ್ಟೆಂಬರ್‌ನಲ್ಲಿ 2 ಕೋಟಿ ಚದರ ಕಿ.ಮೀ. ದಾಟಿತ್ತು. 2016ರಲ್ಲಿ ದಿಢೀರ್ ಬಿತ್ತು. 2023ರ ಫೆಬ್ರವರಿಯಲ್ಲಿ ಸುಮಾರು 18 ಲಕ್ಷಕ್ಕೆ ಇಳಿದು ಉಪಗ್ರಹ ದಾಖಲೆಯಲ್ಲೇ ಅತಿ ಕಮ್ಮಿ. ಅದೇ ವರ್ಷದ ಚಳಿಗಾಲದ ಗರಿಷ್ಠವೂ 1.7 ಕೋಟಿ ಮುಟ್ಟಲಿಲ್ಲ.

ಕರಡಿ ವಿಷಯಕ್ಕೂ ಒಂದೇ ಉತ್ತರ ಇಲ್ಲ. ಪಶ್ಚಿಮ ಹಡ್ಸನ್ ಕೊಲ್ಲಿಯಲ್ಲಿ 2016ರಲ್ಲಿ 842 ಅಂತ ಅಂದಾಜಿತ್ತು, 2021ರಲ್ಲಿ 618. ಚುಕ್ಚಿ ಸಮುದ್ರದ ಕರಡಿಗಳು ಇನ್ನೂ ಗುಂಡುಗುಂಡಾಗಿವೆ, ಅಲ್ಲಿ ಸೀಲ್‌ಗಳು ಧಾರಾಳ. ಮಕ್ಕಳಿಗೆ ಎರಡನ್ನೂ ಹೇಳಿ.

ಪ್ಲವಕಪ್ರಿಯೆ
ಕರಡಿ ಹಿಮದ ಪಾಚಿಯನ್ನೇ "ತಿನ್ನುತ್ತೆ" ಅಂತ ಮಕ್ಕಳಿಗೆ ಹೇಳಿ, ಕಣ್ಣರಳಿಸ್ತಾರೆ. ಹಿಮದ ಡಯಾಟಮ್‌ಗಳು ತಯಾರಿಸೋ ಕೆಲವು ಕೊಬ್ಬಿನ ಅಣುಗಳು ನೀರಿನ ಪಾಚಿಯಲ್ಲಿ ಇರಲ್ಲ. ಆ ಗುರುತು ಕೋಪೆಪಾಡ್‌ನಿಂದ ಮೀನಿಗೆ, ಮೀನಿನಿಂದ ಸೀಲ್‌ಗೆ, ಸೀಲ್‌ನಿಂದ ಕರಡಿಯ ಯಕೃತ್ತಿಗೆ ಅಳಿಯದೆ ಬರುತ್ತೆ. ಕೆನಡಾದ ಕಂಬರ್ಲೆಂಡ್ ಸೌಂಡ್‌ನ ಕರಡಿಗಳಲ್ಲಿ ನೋಡಿದಾಗ ಅವುಗಳ ಮೈಯ ಇಂಗಾಲದಲ್ಲಿ ಶೇ. 72ರಿಂದ 100ರಷ್ಟರ ಮೂಲ ಹಿಮದ ಪಾಚಿ. ಉಪ್ಪುನೀರು ಅವರ ಬೆರಳಿಗೆ ಅಂಟಿದ ಕಂದು ಬಣ್ಣವೇ ಆ ಕರಡಿಯ ಮೈ.

@ಅಂಕಿಅಂಶ, "ಚಿಕ್ಕ ಪಾಲು" ಅಂದಿರಲ್ಲ, ಇದಕ್ಕೇನಂತೀರಿ?

ಅಂಕಿಅಂಶ
ಇದು ಗೊತ್ತಿರಲಿಲ್ಲ. ಆ ಮಾತು ವಾಪಸ್ ತಗೊಂಡೆ.

ಬಲೆಗಾರ
ಮೀನುಗಾರಿಕೆ ಮಾತು ಬರಲೇ ಇಲ್ಲ. ಬೇರಿಂಗ್ ಸಮುದ್ರದ ಹಿಮ ಏಡಿಯ ಕಥೆ ಗೊತ್ತಾ? ಚಳಿಗಾಲದ ಹಿಮ ಕರಗಿದ ಮೇಲೂ ತಳದಲ್ಲಿ 2 ಡಿಗ್ರಿಗಿಂತ ತಣ್ಣಗಿನ ನೀರು ಬೇಸಗೆಪೂರ್ತಿ ಉಳೀತಿತ್ತು. ಅಲ್ಲಿನವರು ಅದಕ್ಕೆ ಕೋಲ್ಡ್ ಪೂಲ್ ಅಂತಾರೆ. ಎಳೆ ಏಡಿಗಳಿಗೆ ಅದೇ ಕೋಟೆ. ಪೆಸಿಫಿಕ್ ಕಾಡ್ ಮೀನು ಆ ಚಳಿಗೆ ಒಳಗೆ ಬರ್ತಿರಲಿಲ್ಲ. 2018ರ ಚಳಿಗಾಲದಲ್ಲಿ ಹಿಮ ದಾಖಲೆ ಕಮ್ಮಿ. ಕೋಟೆ ಕರಗಿತು.

ಆಮೇಲೆ 2018ರಿಂದ 2021ರೊಳಗೆ ಸುಮಾರು 1,000 ಕೋಟಿ ಏಡಿ ಕಾಣೆ. 2022ರ ಅಕ್ಟೋಬರ್‌ನಲ್ಲಿ ಅಲಾಸ್ಕದವರು ಇತಿಹಾಸದಲ್ಲೇ ಮೊದಲ ಸಲ ಆ ಏಡಿಯ ಸುಗ್ಗಿಯನ್ನು ಮುಚ್ಚಿದರು. ಸಾಲ ಮಾಡಿ ದೋಣಿ ಕೊಂಡವರ ಪಾಡು ಯೋಚಿಸಿ. ಬಲೆ ಸರಿ ಇದೆ, ಕಡಲು ಅಲ್ಲೇ ಇದೆ, ಮಾಲು ಇಲ್ಲ. ನಾನೂ ಬಲೆಯ ಮನೆತನದವನು, ಆ ಸುದ್ದಿ ಓದಿದ ದಿನ ನಿದ್ದೆ ಬರಲಿಲ್ಲ.

ಕೊಬ್ಬೇಮುಖ್ಯ
ಕಾಡ್ ಮೀನು ತಿಂದು ಮುಗಿಸಿದ್ದಾ ಹಾಗಾದರೆ?

ಬಲೆಗಾರ
ಸ್ವಲ್ಪ ಇರಬಹುದು. ಮುಖ್ಯ ಕಾರಣ ಉಪವಾಸ ಅಂತ 2023ರಲ್ಲಿ ಬಂದ ಅಧ್ಯಯನ ಹೇಳುತ್ತೆ. ನೀರು ಬೆಚ್ಚಗಾದರೆ ತಣ್ಣನೆ ರಕ್ತದ ಪ್ರಾಣಿಗೆ ಹಸಿವು ಹೆಚ್ಚು. ಅದೇ ಸಮಯಕ್ಕೆ ಏಡಿಗಳ ಸಂಖ್ಯೆಯೂ ವಿಪರೀತ ಇತ್ತು. ಜಾಗ ಚಿಕ್ಕದು, ಬಾಯಿ ಜಾಸ್ತಿ, ಪ್ರತಿ ಬಾಯಿಗೂ ಬೇಕಾದ ತುತ್ತು ದೊಡ್ಡದು.

ಇದರ ಪಕ್ಕದಲ್ಲೇ ಒಂದು ಒಳ್ಳೆ ಸುದ್ದಿನೂ ಇಡ್ತೀನಿ. ಮಧ್ಯ ಆರ್ಕ್ಟಿಕ್‌ನಲ್ಲಿ ಹಿಮ ಸರಿದು ಹೊಸ ನೀರು ತೆರೆದುಕೊಳ್ತಿದೆ. ಯಾರೂ ಬಲೆ ಹಾಕೋ ಮೊದಲೇ 2018ರಲ್ಲಿ ಗ್ರೀನ್‌ಲೆಂಡಿನ ಇಲುಲಿಸ್ಸಾಟ್‌ನಲ್ಲಿ ಒಪ್ಪಂದ ಆಯ್ತು. 16 ವರ್ಷ ಅಲ್ಲಿ ವಾಣಿಜ್ಯ ಮೀನುಗಾರಿಕೆ ಇಲ್ಲ. 2021ರಿಂದ ಜಾರಿಯಲ್ಲಿದೆ. ಮೀನು ಸಿಕ್ಕ ಮೇಲೆ ಜಗಳ ಆಡೋದಕ್ಕಿಂತ ಮೊದಲೇ ಕೂತು ಮಾತಾಡಿದ್ದು ನನಗೆ ತುಂಬ ಹಿಡಿಸಿತು.

ದಕ್ಷಿಣದಿಕ್ಕು
ಎಲ್ಲ ಉತ್ತರದ ಕಥೆಯೇ ಆಯ್ತು. ದಕ್ಷಿಣದಲ್ಲಿ ಕ್ರಿಲ್ ಅರ್ಧಕ್ಕರ್ಧ ನಾಶವಾಗಿದೆ. ಹಿಮ ಕಮ್ಮಿಯಾದ ಕಡೆ ಸಾಲ್ಪ್ ಅನ್ನೋ ಲೋಳೆಜೀವಿ ತುಂಬಿಕೊಂಡಿದೆ. ಪೆಂಗ್ವಿನ್‌ಗೆ ಅದು ಊಟವೇ ಅಲ್ಲ, ಬರೀ ನೀರು.

ಅಂಕಿಅಂಶ
"ಅರ್ಧಕ್ಕರ್ಧ ನಾಶ" ಅಂತ ಅಷ್ಟು ಖಡಾಖಂಡಿತ ಹೇಳಬೇಡಿ. 2004ರಲ್ಲಿ ಅಟ್ಕಿನ್ಸನ್ ಮತ್ತು ಜೊತೆಗಾರರು 1926ರಿಂದಿನ ಬಲೆ ದಾಖಲೆ ಜೋಡಿಸಿ, ನೈಋತ್ಯ ಅಟ್ಲಾಂಟಿಕ್ ಭಾಗದಲ್ಲಿ 1970ರ ದಶಕದಿಂದ ಕುಸಿತ ಇದೆ ಅಂದರು. 2018ರಲ್ಲಿ ಇನ್ನೊಂದು ತಂಡ ಅದೇ ಮಾಹಿತಿ ಇಟ್ಟುಕೊಂಡು ಕುಸಿತಕ್ಕೆ ಪುರಾವೆ ಇಲ್ಲ ಅಂತು. ಬೇರೆ ಬೇರೆ ಬಲೆ, ಬೇರೆ ಆಳ, ಬೇರೆ ತಿಂಗಳು. ಹೋಲಿಸೋದು ಸುಲಭ ಅಲ್ಲ.

ದಕ್ಷಿಣದಿಕ್ಕು
2019ರಲ್ಲಿ ಬಂದಿದ್ದನ್ನೂ ಹೇಳಿ. ಅದೇ ಭಾಗದಲ್ಲಿ ಕ್ರಿಲ್‌ನ ನಡುಬಿಂದು ನಾಲ್ಕು ದಶಕದಲ್ಲಿ ಸುಮಾರು 440 ಕಿ.ಮೀ. ದಕ್ಷಿಣಕ್ಕೆ ಸರಿದಿದೆ. "ನಾಶ" ಅಂದಿದ್ದು ನನ್ನ ಅವಸರ, ಒಪ್ಪಿದೆ. ಆದರೆ 440 ಕಿ.ಮೀ. ದೂರ ಹೋದ ಊಟ ಗೂಡು ಬಿಟ್ಟು ಹೋಗಲಾಗದ ಪೆಂಗ್ವಿನ್‌ಗೆ ಇಲ್ಲದ ಹಾಗೇ ಅಲ್ವಾ? ಇನ್ನು ಕ್ರಿಲ್ ಹಿಡಿಯೋ ಹಡಗುಗಳು. ಆ ಭಾಗಕ್ಕೆ ವರ್ಷಕ್ಕೆ 6,20,000 ಟನ್ ಮಿತಿ ಇದೆ. ಒಟ್ಟು ಕ್ರಿಲ್‌ನ ಮುಂದೆ ಅದು ಸಣ್ಣದು. ಆದರೆ ಹಡಗು ಇಡೀ ಸಾಗರದಲ್ಲಿ ಹರಡಿ ಹಿಡಿಯಲ್ಲ, ತಿಮಿಂಗಿಲ ಪೆಂಗ್ವಿನ್ ಸೇರೋ ಜಾಗದಲ್ಲೇ ಹಿಡಿಯುತ್ತೆ. ನನ್ನ ಸಿಟ್ಟು ಅದಕ್ಕೆ.

ಬಲೆಗಾರ
ಅದರಲ್ಲಿ ನಾನು ನಿಮ್ಮ ಕಡೆ.

ಮುಕ್ತಮಾತು
ಹಿಮ ಇದ್ದಷ್ಟೂ ಪೆಂಗ್ವಿನ್‌ಗೆ ಒಳ್ಳೇದು ಅಂತ ಇಟ್ಕೋಬಹುದಾ ಹಾಗಾದರೆ?

ದಕ್ಷಿಣದಿಕ್ಕು
ಇಲ್ಲ. ಹಿಮ ವಿಪರೀತ ಆದರೂ ಕಷ್ಟ. ಅಂಟಾರ್ಕ್ಟಿಕಾದ ಡ್ಯುಮೊಂ ಡರ್ವಿಲ್ ನೆಲೆಯ ಹತ್ತಿರ ಅಡೆಲಿ ಪೆಂಗ್ವಿನ್‌ಗಳ ದೊಡ್ಡ ವಸಾಹತು ಇದೆ. 2016–17ರಲ್ಲಿ ದಡದ ಮುಂದೆ ಹಿಮ ಬಹಳ ದೂರ ಹಬ್ಬಿತ್ತು. ತೆರೆದ ನೀರಿಗೆ ನಡೆದು ಹೋಗಿ ಊಟ ತರೋ ಹೊತ್ತಿಗೆ ಮರಿಗಳು ಸತ್ತಿದ್ದವು. ಸುಮಾರು 18 ಸಾವಿರ ಜೋಡಿಗಳಲ್ಲಿ ಉಳಿದಿದ್ದು ಎರಡು ಮರಿ. ಎರಡೇ.

ಎಂಪರರ್ ಪೆಂಗ್ವಿನ್‌ದು ಇದಕ್ಕೆ ತದ್ವಿರುದ್ಧ. ದಡಕ್ಕೆ ಕಚ್ಚಿಕೊಂಡ ಹಿಮದ ಮೇಲೇ ಮರಿ ಬೆಳೆಸುತ್ತೆ. ಡಿಸೆಂಬರ್ ಜನವರಿಯವರೆಗೆ ಮರಿಗೆ ನೀರು ತಡೆಯೋ ಗರಿ ಬಂದಿರಲ್ಲ. 2022ರಲ್ಲಿ ಬೆಲಿಂಗ್ಸ್‌ಹೌಸೆನ್ ಸಮುದ್ರದಲ್ಲಿ ಹಿಮ ಅದಕ್ಕೂ ಮೊದಲೇ ಒಡೆಯಿತು. ಐದು ವಸಾಹತುಗಳಲ್ಲಿ ನಾಲ್ಕರಲ್ಲಿ ಒಂದು ಮರಿಯೂ ಉಳಿದಿಲ್ಲ ಅಂತಲೇ ಅಂದಾಜು. ಉಪಗ್ರಹದಲ್ಲಿ ಹಿಮದ ಮೇಲಿನ ಹಿಕ್ಕೆಯ ಕಂದು ಕಲೆ ನೋಡಿ ವಸಾಹತು ಗುರುತಿಸ್ತಾರೆ. ಆ ವರ್ಷ ಕಲೆಯ ಜೊತೆಗೆ ಹಿಮವೂ ಇರಲಿಲ್ಲ.

ಕೇಳಿಯೇಬಿಡ್ತೀನಿ
ಓದ್ತಾ ಓದ್ತಾ ಹೊಟ್ಟೆ ತೊಳಸಿದ ಹಾಗಾಯ್ತು.

ಒಂದೇಸಾಲು
ಕ್ರ್ಯಾಬ್‌ಈಟರ್ ಸೀಲ್ ಅಂತ ಒಂದಿದೆಯಲ್ಲ, ಅದಕ್ಕೆ ಏಡಿ ಇದ್ದರೆ ಸಾಕಲ್ವಾ, ಕ್ರಿಲ್ ಹೋದರೂ ಬದುಕುತ್ತಾ?

ದಕ್ಷಿಣದಿಕ್ಕು
ಹೆಸರು ನಂಬಬೇಡಿ, ಅದು ಏಡಿ ತಿನ್ನಲ್ಲ. ಅದರ ಹಲ್ಲು ನೋಡಿ: ಒಂದೊಂದು ಹಲ್ಲಿಗೂ ಎಲೆಯ ಅಂಚಿನ ಹಾಗೆ ಕಚ್ಚುಕಚ್ಚು. ಮೇಲಿನದೂ ಕೆಳಗಿನದೂ ಸೇರಿದರೆ ಜರಡಿ. ಬಾಯ್ತುಂಬ ನೀರು ಎಳೆದುಕೊಂಡು, ನೀರು ಹೊರಗೆ ಬಿಟ್ಟು, ಕ್ರಿಲ್ ಉಳಿಸಿಕೊಳ್ಳುತ್ತೆ. ಆ ಹಲ್ಲಿಗೆ ಬೇರೆ ಕೆಲಸ ಬರಲ್ಲ.

ಬೋರ್ಡುಬಳಪ
ಎಲ್ಲರಿಗೂ ನಮಸ್ಕಾರ. ಇವತ್ತು ಕ್ಲಾಸ್ ಆಯ್ತು. ಹಳೇ ಚಿತ್ರ ಅಳಿಸಿ ಎರಡು ಚಿತ್ರ ಬರೆದೆ, ಉತ್ತರಕ್ಕೊಂದು ದಕ್ಷಿಣಕ್ಕೊಂದು. ಹಿಮವನ್ನು ಮೇಲೆ ಬರೆದು ಅದರ ಅಡಿಗೆ ಕಂದು ಬಳಪದಲ್ಲಿ ಪಾಚಿ ಜೋತುಬಿಟ್ಟೆ. ತಳಕ್ಕೂ ಒಂದು ಬಾಣ ಹಾಕಿದೆ. ಎರಡು ಊಟದ ವಿಷಯ ಹೇಳಿದಾಗ ಆ ಹುಡುಗಿ ತಾನೇ ಹೇಳಿದಳು, "ಹಾಗಾದ್ರೆ ಊಟ ಕಮ್ಮಿ ಆಗಿದ್ದಲ್ಲ ಸರ್, ಗಂಟೆ ತಪ್ಪಾಗಿದ್ದು." ನಾನು ಒಂದು ಗಂಟೆ ವಿವರಿಸಿದ್ದನ್ನು ಒಂದು ವಾಕ್ಯದಲ್ಲಿ ಮುಗಿಸಿದಳು.

ಆದರೆ ಹೊಸ ಪ್ರಶ್ನೆ ತಂದಿದ್ದಾಳೆ. ಪಾಚಿಗೆ ಬೆಳಕು ಬೇಕು. ಚಳಿಗಾಲದಲ್ಲಿ ಅಲ್ಲಿ ಕತ್ತಲು. ಆಗ ಕ್ರಿಲ್ ಏನು ತಿನ್ನುತ್ತೆ? ಬೇಸಗೆಯಲ್ಲಿ ಹುಟ್ಟಿದ ಮರಿಗಳು ಎಲ್ಲಿರ್ತವೆ?

ಕೊಬ್ಬೇಮುಖ್ಯ
ದೊಡ್ಡ ಕ್ರಿಲ್ ತಡೆದುಕೊಳ್ಳುತ್ತೆ. ಪ್ರಯೋಗಾಲಯದಲ್ಲಿ 200 ದಿನಕ್ಕೂ ಹೆಚ್ಚು ಉಪವಾಸ ಬದುಕಿದ ದಾಖಲೆ ಇದೆ. ಮೈ ಸವೆದು ಚಿಕ್ಕದಾಗುತ್ತೆ, ಪೊರೆ ಕಳಚುವಾಗ ಮೊದಲಿಗಿಂತ ಸಣ್ಣ ಪೊರೆ ತೊಡುತ್ತೆ. ಮರಿಗೆ ಆ ಶಕ್ತಿ ಇಲ್ಲ, ಅದಕ್ಕೆ ಕೂಡಿಟ್ಟ ಕೊಬ್ಬೇ ಇಲ್ಲ.

ಉಪ್ಪುನೀರು
ಮರಿಗಳು ಇರೋದು ಹಿಮದ ಅಡಿಯಲ್ಲೇ. ಮೊಟ್ಟೆ ನೂರಾರು ಮೀಟರ್ ಆಳಕ್ಕೆ ಇಳಿದು ಒಡೆಯುತ್ತೆ, ಮರಿ ಅಲ್ಲಿಂದ ಮೇಲಕ್ಕೆ ಈಜಿಕೊಂಡು ಬರುತ್ತೆ. ಮೇಲೆ ಬಂದು ಬೆಳೆಯೋ ಹೊತ್ತಿಗೆ ಚಳಿಗಾಲ. ನೀರಿನಲ್ಲಿ ಪಾಚಿ ಮುಗಿದಿದೆ. ಆದರೆ ಶರತ್ಕಾಲದಲ್ಲಿ ಹಿಮ ಕಟ್ಟುವಾಗ ನೀರಿನ ಪಾಚಿ, ಸೂಕ್ಷ್ಮಜೀವಿಗಳು ಹರಳಿನ ನಡುವೆ ಸಿಕ್ಕಿಕೊಂಡಿರ್ತವೆ. ಅದೇ ಮರಿಗಳ ಚಳಿಗಾಲದ ಬುತ್ತಿ.

ಹಿಮದಡಿ ಇಳಿಸಿದ ಕ್ಯಾಮೆರಾದ ದೃಶ್ಯ ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ. ಹಿಮದ ಹಲಗೆಗಳು ಒಂದರ ಮೇಲೊಂದು ಏರಿ ಕೂತು ಅಡಿಯಲ್ಲಿ ಗೂಡು, ಜಗಲಿ, ಮೂಲೆ ಆಗಿರ್ತವೆ. ಹಗಲು ಮರಿಗಳು ಆ ಗೂಡುಗಳಲ್ಲಿ ಅಂಗಾತ ತೇಲ್ತಾ ಮುಂಗಾಲಿನ ಕೂದಲಿನಿಂದ ಹಿಮದ ಮೈಯನ್ನು ಕೆರೀತವೆ. ಕೆರೆದಿದ್ದು ಬಾಯಿಗೆ. ಕತ್ತಲಾದ ಮೇಲೆ ಗೂಡು ಬಿಟ್ಟು ಕೆಳಗಿನ ನೀರಿಗೆ ಇಳೀತವೆ, ಹರಿವಿನ ಜೊತೆ ತೇಲ್ತವೆ. ಹಿಮ ತಡವಾಗಿ ಕಟ್ಟಿದರೆ ಹಲಗೆ ಏರೋಕೆ ಸಮಯ ಸಾಲಲ್ಲ. ಅಡಿ ನುಣ್ಣಗಿರುತ್ತೆ. ಗೂಡಿಲ್ಲ, ಒಳಗೆ ಸಿಕ್ಕಿಕೊಂಡ ಪಾಚಿಯೂ ಕಮ್ಮಿ.

ಬೋರ್ಡುಬಳಪ
ನಾಳೆ ಮೊದಲ ಪೀರಿಯಡ್ ಇದೆ ಮೇಡಂ, ಆ ಗೂಡಿನ ಚಿತ್ರವನ್ನೇ ಬರೀತೀನಿ. ಮರಿ ಎಷ್ಟುದ್ದ ಇರುತ್ತೆ ಆಗ? ಅಳತೆ ತಪ್ಪಬಾರದು, ಅವಳು ಕೇಳ್ತಾಳೆ.

ಉಪ್ಪುನೀರು
ಒಂದು ಸೆಂಟಿಮೀಟರ್ ಆಸುಪಾಸು. ಮೈ ಗಾಜಿನ ಹಾಗೆ, ಕಣ್ಣು ಕಪ್ಪು, ಮೈಗೆ ಹೋಲಿಸಿದರೆ ದೊಡ್ಡವು. ಹೊಟ್ಟೆ ತುಂಬಿದ್ದರೆ ಒಳಗೆ ಹಸಿರು ಗೆರೆ ಹೊರಗಿನಿಂದಲೇ ಕಾಣುತ್ತೆ. ಎರಡು ಮರಿ ಬರೀರಿ ಸರ್, ಒಂದಕ್ಕೆ ಗೆರೆ ಹಾಕಿ, ಇನ್ನೊಂದಕ್ಕೆ ಹಾಕಬೇಡಿ. ವ್ಯತ್ಯಾಸ ಅವಳೇ ಕೇಳಲಿ.